ಆಲ್ಫಾಮಾದಲ್ಲಿ ಯಾರು ಉಳಿಯಬೇಕು?

ಲಿಸ್ಬನ್‌ಗೆ ಹೋದವರೆಲ್ಲ ಹಳದಿ ಬಣ್ಣದ 28ನೇ ನಂಬರ್ ಟ್ರಾಮ್ ಹತ್ತುತ್ತಾರೆ. ಊರಿನ ಹಳೆಯ ಬಡಾವಣೆ ಆಲ್ಫಾಮಾದ ಗುಡ್ಡದ ಮೇಲಿಳಿದು ಫೋಟೋ ತೆಗೆದು ವಾಪಸ್ ಹೊರಡುತ್ತಾರೆ. ಹಾಗೆ ಮಾಡಬೇಡಿ. ಮೆಟ್ಟಿಲುಗಳಲ್ಲಿ ನಡೆದೇ ಕೆಳಗಿಳಿಯಿರಿ, ದಾರಿ ತಪ್ಪಿದರೂ ಪರವಾಗಿಲ್ಲ.

ಆಲ್ಫಾಮಾ ಅನ್ನೋ ಹೆಸರು ಅರಬ್ಬಿಯಿಂದ ಬಂದದ್ದು. ಅಲ್-ಹಮ್ಮಾ ಅಂದರೆ ಬಿಸಿನೀರಿನ ಬುಗ್ಗೆ. 1147ರಲ್ಲಿ ಪೋರ್ಚುಗಲ್‌ನ ರಾಜ ಅಫೊನ್ಸೊ ಹೆನ್ರಿಕ್ಸ್ ಮೇಲಿನ ಕೋಟೆಯನ್ನು ಮುಸ್ಲಿಂ ಆಳ್ವಿಕೆಯಿಂದ ಗೆದ್ದ. ಬೀದಿಗಳ ಸುತ್ತುಬಳಸು ಮಾತ್ರ ಹಾಗೇ ಉಳಿಯಿತು. 1755ರ ನವೆಂಬರ್ 1ರ ಭೂಕಂಪಕ್ಕೆ ಕೆಳಗಿನ ಬೈಷಾ ಬಡಾವಣೆ ನೆಲಕಚ್ಚಿತು, ಆಮೇಲೆ ಅದನ್ನು ಗೆರೆ ಎಳೆದ ಹಾಗೆ ನೇರ ಬೀದಿಗಳಲ್ಲಿ ಕಟ್ಟಿದರು. ಆಲ್ಫಾಮಾಗೆ ಅಷ್ಟು ಪೆಟ್ಟು ಬೀಳಲಿಲ್ಲ. ಸಾಂತಾ ಲೂಜಿಯಾ ಅನ್ನೋ ನೋಟದ ಕಟ್ಟೆಯ ಬಳಿ ನೀಲಿ ಹೆಂಚಿನ ಎರಡು ಚಿತ್ರಗಳಿವೆ: ಒಂದರಲ್ಲಿ ಕೋಟೆಯ ಮುತ್ತಿಗೆ, ಇನ್ನೊಂದರಲ್ಲಿ ಭೂಕಂಪಕ್ಕೆ ಮೊದಲಿನ ನದಿದಡದ ಚೌಕ. ನದಿ ನೋಡುವ ಗಡಿಬಿಡಿಯಲ್ಲಿ ಜನ ಅವಕ್ಕೆ ಬೆನ್ನು ಹಾಕಿ ನಿಂತಿರುತ್ತಾರೆ.

ಜೂನ್ 12ರ ರಾತ್ರಿ ಸಂತ ಅಂತೋನಿಯ ಹಬ್ಬ. ಓಣಿ ತುಂಬಾ ಸುಟ್ಟ ಬೂತಾಯಿ ಮೀನಿನ ಹೊಗೆ. ಮಂಜೆರಿಕು ಅನ್ನೋ ಪುಟ್ಟ ಗಿಡದ ಕುಂಡವನ್ನು ಪ್ರೀತಿಪಾತ್ರರಿಗೆ ಕೊಡುತ್ತಾರೆ. ಅದು ನಮ್ಮ ಕಾಮಕಸ್ತೂರಿಯ ಹತ್ತಿರದ ನೆಂಟ! ಅದಕ್ಕೆ ನೇರವಾಗಿ ಮೂಗು ತಾಗಿಸುವುದಿಲ್ಲ, ಅಂಗೈಯಿಂದ ಸವರಿ ಅಂಗೈ ಮೂಸಬೇಕು. ನಾನೂ ಹಾಗೇ ಮಾಡಿದೆ. ಅಜ್ಜಿಮನೆಯ ಅಂಗಳ ನೆನಪಾಗಿ ಕಣ್ಣು ತುಂಬಿತು.

ಹಬ್ಬ ಮಾಡೋಕೆ ಊರಿನ ಜನ ಇರಬೇಕು ಅಲ್ವಾ? 2012ರ ಬಾಡಿಗೆ ಕಾನೂನಿನ ನಂತರ ಹಳೆ ಬಾಡಿಗೆದಾರರನ್ನು ಬಿಡಿಸುವುದು ಸುಲಭವಾಯಿತು. ಮನೆಗಳು ಪ್ರವಾಸಿಗರ ಕೋಣೆಗಳಾದವು. 2018ರಲ್ಲಿ ಇಲ್ಲಿ ಅಂಥ ಕೋಣೆಗಳಿಗೆ ಹೊಸ ಪರವಾನಗಿ ನಿಲ್ಲಿಸಿದರು. ತಡವಾಗಿತ್ತು ಅಂತಲೇ ನನ್ನ ಅನಿಸಿಕೆ. ನಾನು ಉಳಿದಿದ್ದೂ ಅಂಥದ್ದೇ ಕೋಣೆಯಲ್ಲಿ. ಇಡೀ ಕಟ್ಟಡದಲ್ಲಿ ಹಳೇ ನಿವಾಸಿ ಅಂತ ಇದ್ದದ್ದು ಕೆಳಗಿನ ಮನೆಯ ಅಜ್ಜಿ ಒಬ್ಬರೇ. ಬೆಳಗಿನ ಜಾವ ನಾಲ್ಕಕ್ಕೆ ನನ್ನ ಸೂಟ್‌ಕೇಸ್ ಮೆಟ್ಟಿಲ ಮೇಲೆ ಧಡಧಡ ಇಳಿದಾಗ ಅವರ ಕಿಟಕಿಯಲ್ಲಿ ದೀಪ ಹೊತ್ತಿತು. ಆ ನಾಚಿಕೆ ಇನ್ನೂ ಹೋಗಿಲ್ಲ.

ಹಬ್ಬದ ರಾತ್ರಿ ಬಾಗಿಲಲ್ಲಿ ಮೇಜು ಹಾಕಿ, ಜಿಂಜಿನ್ಯ ಅನ್ನೋ ಹುಳಿ ಚೆರ್ರಿಯ ಮದ್ಯ ಮಾರುತ್ತಿದ್ದದ್ದೂ ಅವರೇ. ಇನ್ನೊಮ್ಮೆ ಹೋದರೆ ಬೇರೆ ಕಡೆ ಹೋಟೆಲ್ ಹಿಡಿಯುತ್ತೇನೆ. ಇಲ್ಲಿಗೆ ಬಂದು ಅವರ ಹತ್ತಿರ ಒಂದು ಲೋಟ ಕೊಂಡು, ರಾತ್ರಿ ತಡವಾಗುವ ಮೊದಲು ಗುಡ್ಡ ಇಳಿಯುತ್ತೇನೆ.