ಪರ್ಮಿಟ್ 1600, ಲೋಡ್ 3000

ನಮ್ಮ ಕಚೇರಿಗೆ ಹೊಸ ಬೋರ್ಡ್ ಬಂದಿದೆ. ಸಮೋಸದ ಚಿತ್ರ, ಅದರಲ್ಲಿ ಎಣ್ಣೆ ಎಷ್ಟು ಎಂಬ ಲೆಕ್ಕ. ಜಾಮೂನಿನ ಚಿತ್ರ, ಅದರಲ್ಲಿ ಸಕ್ಕರೆ ಎಷ್ಟು ಎಂಬ ಲೆಕ್ಕ. ಇಂಥ ಬೋರ್ಡ್ ಹಾಕಿ, ಕಚೇರಿಯ ಕಾಗದ, ಕವರಿನ ಮೇಲೂ ಆರೋಗ್ಯದ ಮಾತು ಅಚ್ಚು ಹಾಕಿಸಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2025ರಲ್ಲಿ ಪತ್ರ ಬರೆದಿತ್ತು. ಆಗ ಸಿಗರೇಟಿನ ಹಾಗೆ ಸಮೋಸಕ್ಕೂ ಎಚ್ಚರಿಕೆ ಬರುತ್ತದಂತೆ ಎಂದು ದೇಶವೇ ಗಾಬರಿಯಾಯಿತು. ಹಾಗೇನಿಲ್ಲ, ಅಂಗಡಿಯವರು ಹೆದರಬೇಡಿ, ನಾವು ಹೇಳಿದ್ದು ಕಚೇರಿ ಗೋಡೆಗೆ ಮಾತ್ರ ಎಂದು ಸರ್ಕಾರವೇ ಸಮಾಧಾನ ಮಾಡಬೇಕಾಯಿತು.

ಬೋರ್ಡ್ ಹಾಕುವುದೆಂದರೆ ಒಂದು ಕಾರ್ಯಕ್ರಮ ಬೇಕಲ್ವಾ? ಬಳ್ಳಾರಿಯಲ್ಲಿ ಕಾರ್ಯಕ್ರಮವೆಂದರೆ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಬಂಡಿಯಿಂದ ಎರಡು ಬುಟ್ಟಿ ಮಿರ್ಚಿ ಬಿಸಿಬಿಸಿಯಾಗಿಯೇ ಬಂತು. ಪೇಪರಿನಲ್ಲಿ ತಿನ್ನಬಾರದು, ಮಸಿ ಹೊಟ್ಟೆಗೆ ಹೋಗುತ್ತದೆ ಎಂದು ಯಾರೋ ನೆನಪಿಸಿದರು. ಸರಿ, ಹೊಸದಾಗಿ ಅಚ್ಚಾಗಿ ಬಂದ ಕಾಗದಗಳನ್ನೇ ಹಂಚಿದರು. ‘ಎಣ್ಣೆ ಕಡಿಮೆ ಮಾಡಿ’ ಎಂಬ ಸಾಲಿನ ಮೇಲೆ ಮಿರ್ಚಿ ಕೂತಿತು. ಹತ್ತು ನಿಮಿಷದಲ್ಲಿ ಆ ಸಾಲು ಎಣ್ಣೆಯಲ್ಲಿ ಮುಳುಗಿತು. ಅಷ್ಟು ಎಣ್ಣೆ ನಮ್ಮ ಹೊಟ್ಟೆಗೆ ಹೋಗದೆ ಉಳಿಯಿತಲ್ಲ. ಪತ್ರ ಬರೆದದ್ದಕ್ಕೆ ಅಷ್ಟಾದರೂ ಫಲ ಸಿಕ್ಕಿತು.

ನಾನು ಬೋರ್ಡನ್ನು ಎರಡೆರಡು ಸಲ ಓದಿದೆ. ಸಮೋಸ ಇದೆ, ಮಿರ್ಚಿ ಇಲ್ಲ. ಹಾಗಾಗಿ ನಮ್ಮ ಕಚೇರಿಯಲ್ಲಿ ಸಮೋಸ ಈಗ ಅಪರಾಧ, ಮಿರ್ಚಿ ಸಕ್ರಮ.

ಆ ದಿನವೇ ಸಾಹೇಬರು ಎಲ್ಲರ ಫೋನಿಗೂ ಕ್ಯಾಲೊರಿ ಲೆಕ್ಕದ ಆ್ಯಪ್ ಹಾಕಿಸಿದರು. ಕುರ್ಚಿಯಲ್ಲಿ ಕೂತು ದುಡಿಯುವ ಗಂಡಸಿಗೆ ದಿನಕ್ಕೆ 2110 ಕ್ಯಾಲೊರಿ, ಹೆಂಗಸಿಗೆ 1660 ಸಾಕು ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ ಹೇಳುತ್ತದೆ. ಅದರಲ್ಲಿ 500 ಇಳಿಸಿದರೆ ನನಗೆ ಸುಮಾರು 1600. ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7700 ಕ್ಯಾಲೊರಿ. ಲೆಕ್ಕದ ಪ್ರಕಾರ ಹದಿನೈದು ದಿನಕ್ಕೊಂದು ಕಿಲೋ ಇಳಿಯಬೇಕು. ಮೂರು ತಿಂಗಳು ಬರೆದೆ. ಆ್ಯಪಿನ ಪ್ರಕಾರ ನಾನು ಆರು ಕೆಜಿ ಇಳಿದಿದ್ದೇನೆ. ತಕ್ಕಡಿಯ ಪ್ರಕಾರ ಎರಡು ಕೆಜಿ ಏರಿದ್ದೇನೆ. ಕಚೇರಿಯಲ್ಲಿ ಎಲ್ಲರದ್ದೂ ಇದೇ ಕಥೆ. ತಕ್ಕಡಿ ಕೆಟ್ಟಿದೆ ಎಂದು ಹೊಸ ತಕ್ಕಡಿಗೆ ಟಿಪ್ಪಣಿ ಹೋಗಿದೆ.

ಬೇರೆ ಊರಿನವರಿಗೆ ಇದು ಆಶ್ಚರ್ಯ ಅನ್ನಿಸಬಹುದು. ಬಳ್ಳಾರಿಯವರಿಗೆ ಅಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸುವವರೆಗೆ ನಮ್ಮ ರಸ್ತೆಯಲ್ಲಿ ಹೋದ ಅದಿರು ಲಾರಿಗಳನ್ನು ನೋಡಿದವರು ನಾವು. ಪರ್ಮಿಟ್ ಕಾಗದದಲ್ಲಿ ಒಂದು ತೂಕ, ಟೈರಿನ ಮೇಲೆ ಇನ್ನೊಂದು. ರಸ್ತೆ ಕುಸಿದಾಗ ತಪ್ಪು ರಸ್ತೆಯದ್ದು. ಗಣಿ ನಿಂತಿತು, ಆ ವಿದ್ಯೆ ಮಾತ್ರ ಹೊಟ್ಟೆಗೆ ಇಳಿಯಿತು.

ನಮ್ಮ ಗುಮಾಸ್ತರೊಬ್ಬರು ಬರೆಯುವ ಕ್ರಮ ನೋಡಿ. ಆ್ಯಪಿನಲ್ಲಿ ‘ಒಗ್ಗರಣೆ ಮಂಡಕ್ಕಿ’ ಇಲ್ಲ. ಬರೀ ‘ಮಂಡಕ್ಕಿ’ ಇದೆ. ಅದನ್ನೇ ಒತ್ತುತ್ತಾರೆ. ಒಣ ಮಂಡಕ್ಕಿ ಹಗುರ ನಿಜ. ಒಂದು ಪ್ಲೇಟಿಗೆ ಬೇಕಾಗುವುದು ಮೂವತ್ತು ಗ್ರಾಂ, ಅಂದರೆ 100ರಿಂದ 120 ಕ್ಯಾಲೊರಿ. ಆದರೆ ಒಗ್ಗರಣೆಗೆ ಬಿದ್ದ ಒಂದು ದೊಡ್ಡ ಚಮಚ ಎಣ್ಣೆ ಒಂದೇ 120. ಎರಡು ಚಮಚ ಬಿದ್ದರೆ ಮಂಡಕ್ಕಿಗಿಂತ ಎಣ್ಣೆಯೇ ಎರಡು ಪಟ್ಟು. ಪುಟಾಣಿ ಪುಡಿ, ಶೇಂಗಾ ಬೇರೆ. ಗಟ್ಟಿ ಅದಿರನ್ನು ಕಡಿಮೆ ಬೆಲೆಯ ಪುಡಿ ಅದಿರು ಎಂದು ಬರೆಸಿದ ಹಾಗೆ ಆಯಿತಲ್ಲ ಇದು?

ಸೆಕ್ಷನ್ನಿನ ಮೇಡಂ ಒಬ್ಬರು ಅನ್ನ ಬಿಟ್ಟು ಜೋಳದ ರೊಟ್ಟಿ ಹಿಡಿದಿದ್ದಾರೆ. ರೊಟ್ಟಿಗೆ ಎಣ್ಣೆಯ ಸೋಂಕಿಲ್ಲ, ಹೀಗಾಗಿ ಐದು. ಜೊತೆಗೆ ಎಣ್ಣೆಗಾಯಿ. ಪಾಪ, ಆ ಬದನೆಕಾಯಿ ತನ್ನ ಹೆಸರಿನಲ್ಲೇ ತಪ್ಪೊಪ್ಪಿಕೊಂಡಿದೆ, ಕೇಳುವವರಿಲ್ಲ. ಶೇಂಗಾ ಚಟ್ನಿ ಪುಡಿಯನ್ನು ಅವರು ಲೆಕ್ಕಕ್ಕೇ ಸೇರಿಸುವುದಿಲ್ಲ, ಅದು ಬರೀ ಪುಡಿಯಂತೆ. ಶೇಂಗಾದಲ್ಲಿ ಅರ್ಧದಷ್ಟು ಎಣ್ಣೆಯೇ ಇದೆ ಎಂದೆ. ‘ಕುಟ್ಟಿದ ಮೇಲೂ ಇರುತ್ತಾ ಸರ್?’ ಎಂದು ಕೇಳಿದರು.

ಸಾಹೇಬರದ್ದು ಇನ್ನೂ ಮೇಲು. ಬೆಳಿಗ್ಗೆ ಡಬ್ಬಿಯ ಪುಡಿ ಕಲಸಿದ ಶೇಕ್, ಮಧ್ಯಾಹ್ನ ಕಿನೋವಾ. ಸುತ್ತ ಜೋಳ, ನವಣೆ ಬೆಳೆಯುವ ಸೀಮೆಯಲ್ಲಿ ಕೂತು ದಕ್ಷಿಣ ಅಮೆರಿಕದ ಕಾಳು ಬೇಯಿಸುತ್ತಾರೆ. ನಡುವೆ ಆರು ಚಹಾ. ಒಂದಕ್ಕೆ ಎರಡು ಚಮಚ ಸಕ್ಕರೆ ಎಂದರೂ ದಿನಕ್ಕೆ ಸುಮಾರು 200 ಕ್ಯಾಲೊರಿ, ಹಾಲು ಬಿಟ್ಟು. ಆದರೆ ಅದು ಮೀಟಿಂಗ್ ಚಹಾ, ಸರ್ಕಾರಿ ಖಾತೆಗೆ ಸೇರುತ್ತದೆ, ಅವರ ಖಾತೆಗಲ್ಲ.

ತಿಂದದ್ದನ್ನು ನಡೆದು ಕರಗಿಸುತ್ತೇವೆ ಎನ್ನುವ ಗುಂಪೂ ಇದೆ. ಎಪ್ಪತ್ತು ಕೆಜಿಯ ಮನುಷ್ಯ ಒಂದು ಕಿಲೋಮೀಟರ್ ನಡೆದರೆ ಐವತ್ತು, ಅರವತ್ತು ಕ್ಯಾಲೊರಿ ಖರ್ಚು. ಒಂದು ಚಮಚ ಎಣ್ಣೆಗೆ ಎರಡು ಕಿಲೋಮೀಟರ್. ನಮ್ಮ ಬಿಸಿಲಲ್ಲಿ! ಇವರು ಬೆಳಿಗ್ಗೆ ಕೋಟೆ ಗುಡ್ಡದ ಕಡೆ ಹೊರಡುತ್ತಾರೆ, ವಾಪಸ್ ಬರುವಾಗ ಇಡ್ಲಿ ವಡೆಯ ಹತ್ತಿರ ನಿಲ್ಲುತ್ತಾರೆ. ನಡೆದದ್ದು ಆ್ಯಪಿನಲ್ಲಿ ತಾನಾಗಿಯೇ ದಾಖಲಾಗುತ್ತದೆ. ವಡೆಯನ್ನು ಕೈಯಿಂದ ಬರೆಯಬೇಕು. ಕೈ ಎಣ್ಣೆಯಾಗಿರುತ್ತದೆ.

ಇವರೆಲ್ಲರ ನಡುವೆ ನಮ್ಮ ದೊಡ್ಡಪ್ಪ. ಗಣಿ ಜೋರಾಗಿದ್ದ ಕಾಲದಲ್ಲಿ ಸಂಡೂರಿನ ಹತ್ತಿರ ಲಾರಿ ತೂಗುವ ಒಂದು ವೇ ಬ್ರಿಡ್ಜಿನಲ್ಲಿ ಚೀಟಿ ಬರೆಯುತ್ತಿದ್ದವರು. ದಿನಾ ಸಂಜೆ ಬಂಡಿಯ ಹತ್ತಿರ ಎರಡು ಮಿರ್ಚಿ, ಒಂದು ಹಿಡಿ ಮಂಡಕ್ಕಿ ತಿನ್ನುತ್ತಾರೆ. ಒಂದು ದಿನವೂ ಬಿಟ್ಟಿಲ್ಲ. ಹಿಂದೆ ನಾಲ್ಕು ಮಿರ್ಚಿ ತಿಂದು ರಾತ್ರಿ ಮೂರು ರೊಟ್ಟಿ ಮುರಿಯುತ್ತಿದ್ದರು. ಈಗ ಎರಡು ಮಿರ್ಚಿ ತಿಂದ ರಾತ್ರಿ ಒಂದೇ ರೊಟ್ಟಿ, ಪುಂಡಿ ಪಲ್ಯ, ಮಜ್ಜಿಗೆ. ಚಹಾದ ಸಕ್ಕರೆ ಬಿಟ್ಟಿದ್ದಾರೆ, ಅದು ಅವರಿಗೆ ಮೊದಲಿಂದಲೂ ಅಷ್ಟೇನೂ ಇಷ್ಟವಿರಲಿಲ್ಲವಂತೆ. ಒಂದು ವರ್ಷದಲ್ಲಿ ಹೊಟ್ಟೆ ಇಳಿದು ಬೆಲ್ಟಿಗೆ ಎರಡು ಹೊಸ ತೂತು ಬಿದ್ದಿವೆ. ಆ್ಯಪಿಲ್ಲ. ಕಿನೋವಾ ಎಂದರೆ ಯಾವುದೋ ಕಾರಿನ ಹೆಸರು ಎಂದುಕೊಂಡಿದ್ದಾರೆ.

ಮೊನ್ನೆ ಬಂಡಿಯ ಹತ್ತಿರ ಸಿಕ್ಕರು. ನನ್ನ ಕಾಗದದಲ್ಲಿ ಮೂರು ಮಿರ್ಚಿ ಖಾಲಿಯಾಗಿ ನಾಲ್ಕನೆಯದು ಕೂತಿತ್ತು. ಫೋನ್ ತೋರಿಸಿದೆ.

‘ಇವತ್ತು 1540 ಅಷ್ಟೇ ದೊಡ್ಡಪ್ಪ. ಇನ್ನೂ ಅರವತ್ತು ಬಾಕಿ ಇದೆ.’

ಕನ್ನಡಕ ಏರಿಸಿ ನೋಡಿದರು. ‘ಮಿರ್ಚಿ ಎಲ್ಲಪ್ಪಾ ಇದ್ರಾಗ?’

‘ಮೆಣಸಿನಕಾಯಿ ಅಂತ ಹಾಕಿದೀನಿ. ತರಕಾರಿ ಕೆಳಗೆ.’

‘ಈ ಪರ್ಮಿಟ್ ಬರ್ಕೊಟ್ಟವರು ಯಾರು?’

‘ನಾನೇ.’

‘ಲಾರಿ ಯಾರದು?’

‘ನಂದೇ.’

‘ಚೆಕ್‌ಪೋಸ್ಟಿನಾಗ ಕುಂತವರು?’

‘ಅದೂ ನಾನೇ ದೊಡ್ಡಪ್ಪ.’

ಅವರು ಮಾತಾಡಲಿಲ್ಲ. ನನ್ನ ನಾಲ್ಕನೆಯ ಮಿರ್ಚಿಯನ್ನು ಜಪ್ತಿ ಮಾಡಿ ತಮ್ಮ ಕಾಗದಕ್ಕೆ ಹಾಕಿಕೊಂಡರು. ಎರಡೇ ನಿಮಿಷ. ಜಪ್ತಿ ಮಾಡಿದ ಮಾಲು ಕಾಣೆ. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಜಪ್ತಿಯಾದ ಅದಿರು ಕಾಣೆಯಾಗಲು ಕೂಡ ಇದಕ್ಕಿಂತ ಜಾಸ್ತಿ ಹೊತ್ತು ಹಿಡಿದಿತ್ತು.