ಸಮುದ್ರದ ಅನಿಲವನ್ನು ಯಾರೂ ಅಳೆದಿಲ್ಲ ಅನ್ನುವುದು ಸುಳ್ಳು: ಒಂದು ಸ್ಪಷ್ಟನೆ

ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆಯಿಂದ ಒಂದು ಸಂದೇಶ ಸುತ್ತುತ್ತಿದೆ. ‘ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಆಗಿರುವುದು ಸಮುದ್ರದಿಂದ. ಸಮುದ್ರದಲ್ಲಿ ಅದನ್ನು ಯಾರೂ ಅಳೆದೇ ಇಲ್ಲ’ ಅಂತ. ಎರಡೂ ತಪ್ಪು.

ಅಳತೆ ದಶಕಗಳಿಂದ ನಡೆಯುತ್ತಿದೆ. ಸಂಶೋಧನಾ ಹಡಗುಗಳು, ಕೆಲವು ಸರಕು ಹಡಗುಗಳು ಕೂಡ, ಸಾಗುತ್ತಲೇ ಮೇಲ್ಮೈ ನೀರನ್ನು ಪಂಪಿನಿಂದ ಎಳೆದುಕೊಳ್ಳುತ್ತವೆ. ಆ ನೀರು ಮುಚ್ಚಿದ ಡಬ್ಬಿಯೊಳಗೆ ಶವರ್ ಥರ ಸುರಿಯುತ್ತದೆ. ಸ್ವಲ್ಪ ಹೊತ್ತಿಗೆ ಡಬ್ಬಿಯ ಗಾಳಿಯಲ್ಲೂ ನೀರಲ್ಲೂ ಅನಿಲದ ಒತ್ತಡ ಸಮ ಆಗುತ್ತದೆ. ಆ ಗಾಳಿಗೆ ಇನ್‌ಫ್ರಾರೆಡ್ ಬೆಳಕು ಹಾಯಿಸಿ, ಎಷ್ಟು ಬೆಳಕು ಹೀರಿಕೊಂಡಿತು ಅಂತ ನೋಡುತ್ತಾರೆ; ಹೆಚ್ಚು ಹೀರಿದರೆ ಕಾರ್ಬನ್ ಡೈಆಕ್ಸೈಡ್ ಹೆಚ್ಚು ಇದೆ ಅಂತ ಅರ್ಥ. ನೀರು ಎಷ್ಟು ಬಿಸಿ ಇತ್ತು ಅನ್ನುವುದನ್ನೂ ಬರೆದಿಡಲೇಬೇಕು. ಬಿಸಿಲಲ್ಲಿಟ್ಟ ಗೋಲಿ ಸೋಡಾ ತೆರೆದರೆ ಗ್ಯಾಸ್ ಬೇಗ ಹೋಗುತ್ತದೆ ಅಲ್ವಾ, ಹಾಗೇ. ಇಂಥ ಕೋಟಿಗಟ್ಟಲೆ ಅಳತೆಗಳು ‘ಸೋಕ್ಯಾಟ್’ ಎಂಬ ಸಂಗ್ರಹದಲ್ಲಿ 2011ರಿಂದ ಎಲ್ಲರಿಗೂ ಸಿಗುತ್ತಿವೆ.

ಸಂದೇಶದಲ್ಲಿ ಒಂದು ಎಳೆ ನಿಜ. ಕೆಲವು ಕಡೆ ಸಮುದ್ರ ಅನಿಲ ಬಿಡುತ್ತದೆ. ಆಗುಂಬೆಗೆ ಮಳೆ ತರುವ ನಮ್ಮ ಅರಬ್ಬಿ ಸಮುದ್ರವೂ ಅಂಥದ್ದೇ. ಮುಂಗಾರಿನ ಗಾಳಿಗೆ ಆಳದ ನೀರು ಮೇಲೆ ಬರುತ್ತದೆ, ಅದರಲ್ಲಿ ಅನಿಲ ಜಾಸ್ತಿ. ಆದರೆ ಇಡೀ ಜಗತ್ತಿನ ಲೆಕ್ಕ ಹಿಡಿದರೆ ಸಮುದ್ರ ಬಿಡುವುದಕ್ಕಿಂತ ಹೀರುವುದೇ ಹೆಚ್ಚು. ನಾವು ಹೊರಬಿಡುವುದರಲ್ಲಿ ಸುಮಾರು ಕಾಲು ಭಾಗ ಅದರ ಹೊಟ್ಟೆ ಸೇರುತ್ತದೆ. ಅದರಿಂದಲೇ ಮೇಲ್ಮೈ ನೀರಿನ ಪಿಎಚ್ (ಇದು ಇಳಿದಷ್ಟೂ ನೀರಿನ ಆಮ್ಲೀಯತೆ ಹೆಚ್ಚು) ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ನಮ್ಮ ಹೊಗೆ ನುಂಗುತ್ತಿರುವ ಸಮುದ್ರದ ಮೇಲೇ ತಪ್ಪು ಹೊರಿಸುವುದು ನನಗಂತೂ ಸರಿ ಕಾಣುವುದಿಲ್ಲ. ಆ ಸಂದೇಶ ಮುಂದೆ ಕಳಿಸಿದವರು ದಯವಿಟ್ಟು ಅದೇ ಗುಂಪಿಗೆ ಇದನ್ನೂ ಹಾಕಿ.