ಹಿಂಡಿನಿಂದ ಆಚೆ ನಿಂತ ಕುರಿ

ಮಗಳು ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ. ಮಂಡ್ಯದ ಕೋಚಿಂಗ್‌ನಲ್ಲಿ ಕೊಟ್ಟ ಪದಗಳ ಪಟ್ಟಿಯಲ್ಲಿ 'ಇಗ್ರೀಜಿಯಸ್' ಅಂತ ಒಂದು ಪದ. ಎದುರಿಗೆ 'ತೀರಾ ಕೆಟ್ಟ' ಅಂತ ಅರ್ಥ, ಅಷ್ಟೇ. ಮೂರು ದಿನ ಉರು ಹೊಡೆದಳು. ನಾಲ್ಕನೇ ದಿನ ಮರೆತಳು. ತಪ್ಪು ಅವಳದಲ್ಲ. ಹಾಗೆ ಕಲಿಸಿದರೆ ಯಾರಿಗೆ ತಾನೇ ನೆನಪಿರುತ್ತೆ?

ಇಬ್ಬರೂ ಕೂತು ಹುಡುಕಿದೆವು. ಮೂಲ ಲ್ಯಾಟಿನ್. 'ಎಕ್ಸ್' ಅಂದರೆ ಹೊರಗೆ, 'ಗ್ರೆಕ್ಸ್' ಅಂದರೆ ಹಿಂಡು. ಹಿಂಡಿನಿಂದ ಆಚೆ ನಿಂತದ್ದು! 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಅದು ಹೊಗಳಿಕೆಯ ಮಾತು. ಎಲ್ಲರಿಗಿಂತ ಮೇಲು ಅಂತ. ಆ ಶತಮಾನ ಮುಗಿಯುವಷ್ಟರಲ್ಲಿ ತೆಗಳಿಕೆಯ ಅರ್ಥವೂ ಸೇರಿತು, ಕೊನೆಗೆ ಅದೇ ಉಳಿಯಿತು. ಇಟಲಿಯಲ್ಲಿ ಮಾತ್ರ ಇವತ್ತಿಗೂ ಪತ್ರ ಶುರು ಮಾಡುವಾಗ 'ಎಗ್ರೇಜೊ' ಅಂತ ಗೌರವದಿಂದ ಬರೆಯುತ್ತಾರೆ.

ನಮ್ಮಲ್ಲೂ ಹೀಗೇ ಆಗಿದೆ, ಅಲ್ವಾ? 'ಘನ' ಅಂದರೆ ದೊಡ್ಡದು. ಘನ ನ್ಯಾಯಾಲಯ ಅಂತೀವಿ. ಆದರೆ 'ಏನು ಘನಂದಾರಿ ಕೆಲಸ ಮಾಡಿದೆ' ಅಂದರೆ ಬೈದ ಹಾಗೆ. ಇದನ್ನು ಹೇಳಿದ್ದೇ ತಡ, ಮಗಳ ಮುಖ ಅರಳಿತು.

ಅದೇ 'ಗ್ರೆಕ್ಸ್' ದಿನಾ ನಮ್ಮ ಬಾಯಲ್ಲೇ ಇದೆ. ಕಸ 'ಸೆಗ್ರಿಗೇಟ್' ಮಾಡಿ ಅಂದರೆ ಹಿಂಡಿನಿಂದ ಬೇರೆ ಮಾಡಿ. 'ಅಗ್ರಿಗೇಟ್' ಎಷ್ಟು ಬಂತು ಅಂದರೆ ಎಲ್ಲಾ ಒಂದು ಹಿಂಡಿಗೆ ಸೇರಿಸಿದರೆ ಎಷ್ಟು ಅಂತ. ಒಂದು ಬೇರು ಸಿಕ್ಕಿದರೆ ಇಷ್ಟೆಲ್ಲಾ ಸಿಗುತ್ತೆ. ಕೋಚಿಂಗ್‌ನವರು ಇದಕ್ಕೆ ಐದು ನಿಮಿಷ ಕೊಡಬಾರದಾ? ಕನ್ನಡದಲ್ಲಿ ವಿವರಿಸಿದರೆ ಇಂಗ್ಲಿಷ್ ಕೆಡುತ್ತೆ ಅನ್ನೋ ಭಯ ಬಿಡಬೇಕು.

ಭಾನುವಾರ ಮಳವಳ್ಳಿ ಕಡೆ ನಮ್ಮೂರಿಗೆ ಹೋಗಿದ್ದೆವು. ಅಪ್ಪ ಈಗಲೂ ಬನ್ನೂರು ಕುರಿ ಸಾಕುತ್ತಾರೆ. ಗಿಡ್ಡ ಕಾಲು, ತುಂಬಿದ ಮೈ. ಈ ತಳಿಯ ಮೂಲ ನಮ್ಮ ತಾಲ್ಲೂಕಿನ ಬಂಡೂರು. ಮಗಳು ಕೊಟ್ಟಿಗೆ ಹತ್ತಿರ ನಿಂತು ಕೇಳಿದಳು, "ತಾತ, ಒಂದು ಕುರಿ ಹಿಂಡು ಬಿಟ್ಟು ಆಚೆ ನಿಂತ್ರೆ ಏನರ್ಥ?"

ಅಪ್ಪ ಯೋಚನೆಯನ್ನೇ ಮಾಡಲಿಲ್ಲ. "ಎಲ್ಡೇ ಕಣವ್ವ. ತಳಿಗೆ ಬುಡೋ ಅಂತ ಒಳ್ಳೆ ಟಗರಾಗಿರ್ಬೇಕು. ಇಲ್ದಿದ್ರೆ ಸೀಕಾಗಿರ್ಬೇಕು."

ಮೇಲು ಅನ್ನೋದೂ ಬಂತು, ಕೆಟ್ಟದ್ದು ಅನ್ನೋದೂ ಬಂತು. ಮಗಳು ನನ್ನ ಮುಖ ನೋಡಿದಳು. ಆಮೇಲೆ ಬ್ಯಾಗಿನಿಂದ ಪಟ್ಟಿ ತೆಗೆದು, ಆ ಪದದ ಪಕ್ಕ ತಾತನ ಮಾತನ್ನು ಹಾಗೇ ಬರೆದುಕೊಂಡಳು.